ಟ್ಯಾಂಕ್ ಹತ್ತಿರ ಜುಗಾಡ್ ನಡೆಯಲ್ಲ

ವಿಮಾನದ ಇಂಧನ ಟ್ಯಾಂಕ್ ಸುರಕ್ಷತೆಯ ತರಬೇತಿ ಅಂದ ತಕ್ಷಣ ಹೊಸ ಹುಡುಗರು ಕೇಳೋದು ಒಂದೇ, 'ಟ್ಯಾಂಕ್ ಒಳಗೆ ಇಳಿಸ್ತಾರಾ?' ಇಲ್ಲ. ಇಳಿಯೋದಕ್ಕೆ ಬೇರೆ ತರಬೇತಿ ಇದೆ, ಗ್ಯಾಸ್ ಮೀಟರ್, ಗಾಳಿ ಹಾಯಿಸೋದು, ಹೊರಗೆ ಕಾಯೋಕೆ ಒಬ್ಬ, ಅದೆಲ್ಲ ಅಲ್ಲಿ. ಇದು ಬೇರೆ. ಟ್ಯಾಂಕಿನಲ್ಲಿ ಕಿಡಿ ಹುಟ್ಟದ ಹಾಗೆ ವಿಮಾನ ಮಾಡಿದವರು ಇಟ್ಟಿರುವ ಏರ್ಪಾಡನ್ನು ನಾವು ರಿಪೇರಿ ಮಾಡೋಕೆ ಹೋಗಿ ಕೆಡಿಸಬಾರದು, ಅಷ್ಟೇ ಇದರ ವಿಷಯ.

ನಾನು ರಾಯಚೂರಿನವನು, ಕೆಲಸ ಹೈದರಾಬಾದಿನ ಒಂದು ಹ್ಯಾಂಗರಿನಲ್ಲಿ, ಅಂದ್ರೆ ವಿಮಾನ ರಿಪೇರಿ ಮಾಡೋ ಶೆಡ್ಡಿನಲ್ಲಿ. ಎರಡು ವರ್ಷಕ್ಕೊಮ್ಮೆ ಈ ತರಬೇತಿ ಮತ್ತೆ ಆಗಬೇಕು. ಈ ಸಲ ಆನ್‌ಲೈನ್ ಇತ್ತು, ಅದೂ ನಾನು ರಜೆಗೆ ಊರಿಗೆ ಬಂದಾಗ. ಮೇ ತಿಂಗಳು, ಮನೇಲಿ ಕರೆಂಟ್ ಪದೇ ಪದೇ ಹೋಗ್ತಾ ಇತ್ತು, ಲ್ಯಾಪ್‌ಟಾಪ್ ಎತ್ಕೊಂಡು ತಮ್ಮನ ಲಾರಿ ಗ್ಯಾರೇಜಿಗೆ ಹೋಗಿ ಕೂತೆ. ಅಲ್ಲಿ ಇನ್ವರ್ಟರ್ ಇದೆ.

ಮೊದಲ ಪಾಠ ಯಾವಾಗಲೂ ಟಿಡಬ್ಲ್ಯುಎ 800, ಅಮೆರಿಕದ ಟಿಡಬ್ಲ್ಯುಎ ಕಂಪನಿಯ ವಿಮಾನದ ದುರಂತ. 1996ರ ಜುಲೈ 17, ನ್ಯೂಯಾರ್ಕಿನಿಂದ ಹಾರಿದ ಬೋಯಿಂಗ್ 747 ಹನ್ನೆರಡೇ ನಿಮಿಷದಲ್ಲಿ ಆಕಾಶದಲ್ಲೇ ಸ್ಫೋಟಿಸಿತು. 230 ಜನ ಸತ್ತರು. ಸಿಡಿದದ್ದು ನಡುವಿನ ಟ್ಯಾಂಕ್, ಅದು ಹೆಚ್ಚುಕಮ್ಮಿ ಖಾಲಿ ಇತ್ತು. ತಮ್ಮ ಪಕ್ಕದಲ್ಲಿ ನಿಂತು ಕೇಳ್ತಾ ಇದ್ದವನು, "ಖಾಲಿ ಟ್ಯಾಂಕ್ ಹೆಂಗ್ ಸಿಡೀತದ ಅಣ್ಣಾ?" ಅಂದ. ಒಳ್ಳೆ ಪ್ರಶ್ನೆ. ಉರಿಯೋದು ಎಣ್ಣೆ ಅಲ್ಲ, ಅದರ ಆವಿ. ಆ ಟ್ಯಾಂಕಿನ ಕೆಳಗೇ ಎಸಿ ಯಂತ್ರಗಳಿದ್ದವು, ನೆಲದ ಮೇಲೆ ನಿಂತಾಗ ಗಂಟೆಗಟ್ಟಲೆ ಓಡಿ ಟ್ಯಾಂಕನ್ನ ಬಿಸಿ ಮಾಡಿದ್ದವು. ನಮ್ಮ ಜೆಟ್ ಎ-1 ಇಂಧನ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡೋಕೆ 38 ಡಿಗ್ರಿ ಸಾಕು. ಮೇನಲ್ಲಿ ರಾಯಚೂರಿನ ನೆರಳೇ ಅದಕ್ಕಿಂತ ಜಾಸ್ತಿ ಸುಡುತ್ತೆ, ಅಲ್ವಾ?

ಕಿಡಿ ಎಲ್ಲಿಂದ ಬಂತು ಅನ್ನೋದು ಖಚಿತವಾಗಿ ಸಿಗಲಿಲ್ಲ. ಟ್ಯಾಂಕಿನ ಹೊರಗೆ ಶಾರ್ಟ್ ಆಗಿ, ಇಂಧನದ ಮಟ್ಟ ಅಳೆಯುವ ತಂತಿಗಳ ಮೂಲಕ ಜಾಸ್ತಿ ವೋಲ್ಟೇಜ್ ಒಳಗೆ ಹೋಗಿರಬೇಕು ಅಂತ ತನಿಖೆಯವರು ಹೇಳಿದರು. ಅದಾದ ಮೇಲೆ 2001ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಹೊಸ ನಿಯಮ ತಂತು. ಅಲ್ಲಿಂದ ಬಂದದ್ದೇ ನಾವು ದಿನಾ ನೋಡುವ ಸಿಡಿಸಿಸಿಎಲ್ ಅನ್ನೋ ಗುರುತು, ಅಂದ್ರೆ ಟ್ಯಾಂಕ್ ಸುರಕ್ಷತೆಗೆ ವಿನ್ಯಾಸದಲ್ಲೇ ಇಟ್ಟಿರುವ, ಕೆಡಿಸಬಾರದ ಏರ್ಪಾಡು. ಮ್ಯಾನುಯಲ್‌ನಲ್ಲಿ ಒಂದು ಕೆಲಸದ ಮೇಲೆ ಆ ಗುರುತು ಇದ್ದರೆ, ಅಲ್ಲಿ ಬರೆದದ್ದನ್ನ ಒಂದಿಷ್ಟೂ ಬದಲಿಸುವಂತಿಲ್ಲ.

ಗ್ಯಾರೇಜಿನಲ್ಲಿ ಕೂತು ಇದನ್ನ ಓದೋದು ಒಂದು ತಮಾಷೆ. ಎದುರಿಗೆ ತಮ್ಮನ ಹುಡುಗರು ಬೈಂಡಿಂಗ್ ತಂತಿ, ಹಳೇ ಟ್ಯೂಬಿನ ತುಂಡು, ಟೇಪು ಸುತ್ತಿ ಲಾರಿ ಹೊರಡಿಸ್ತಾ ಇದ್ದಾರೆ. ನಮ್ಮ ಕಡೆ ಒಳ್ಳೆ ಮೇಸ್ತ್ರಿ ಅಂದ್ರೆ ಅವನೇ, ಸಾಮಾನು ಇಲ್ಲದಿದ್ದರೂ ಗಾಡಿ ಓಡಿಸೋನು. ನನ್ನ ಕೈಗೂ ಅದೇ ಅಭ್ಯಾಸ ಬಂದಿದೆ. ಈ ತರಬೇತಿ ನನ್ನಂಥವರಿಗೆ ಕಷ್ಟ ಆಗೋದು ಅದಕ್ಕೇ, ಪರೀಕ್ಷೆಗೆ ಅಲ್ಲ.

ತಮ್ಮನಿಗೆ ತರಬೇತಿಯ ಒಂದು ಫೋಟೋ ತೋರಿಸಿದೆ. ಎರಡು ತಂತಿ ಕಟ್ಟು, ಒಂದು ಪಂಪಿಗೆ 115 ವೋಲ್ಟ್ ಒಯ್ಯುವುದು, ಇನ್ನೊಂದು ಟ್ಯಾಂಕಿನ ಅಳತೆಯದು. ನಡುವೆ ಇಷ್ಟು ಅಂತರ ಇರಲೇಬೇಕು. ತಂತಿ ಕಟ್ಟನ್ನ ಹಿಡಿದಿಡೋ ಒಂದು ಕ್ಲಾಂಪ್ ಮುರಿದಿದೆ, ಸ್ಟೋರಿನಲ್ಲಿ ಅದೇ ನಂಬರಿನದು ಇಲ್ಲ ಅಂತ ಒಂದು ಟೈ ಹಾಕಿ ಎರಡನ್ನೂ ಕೂಡಿಸಿ ಬಿಗಿದರೆ? ವಿಮಾನ ಹಾರುತ್ತೆ, ದೀಪ ಹತ್ತುತ್ತೆ, ಯಾರಿಗೂ ಏನೂ ಗೊತ್ತಾಗಲ್ಲ. ನಡುಕಕ್ಕೆ ತಂತಿ ತಿಕ್ಕಾಡಿ ಹೊದಿಕೆ ಸವೆಯುತ್ತೆ, ಆಗ ಪಂಪಿನ ವೋಲ್ಟೇಜ್ ಅಳತೆಯ ತಂತಿ ಹಿಡಿದು ಟ್ಯಾಂಕಿನೊಳಗೆ ಹೋಗಬಹುದು. ಟ್ಯಾಂಕಿನ ಒಳಗೆ ಹೋಗಬಹುದಾದ ಕಿಡಿಯ ಶಕ್ತಿಗೆ ಇಟ್ಟಿರುವ ಮಿತಿ 200 ಮೈಕ್ರೋಜೂಲ್, ಕೈಗೆ ಚುರುಕ್ ಅನ್ನದಷ್ಟು ಚಿಕ್ಕದು.

ಬಾಂಡಿಂಗ್ ಪಟ್ಟಿ ಇನ್ನೊಂದು, ಲೋಹದ ಭಾಗಗಳ ನಡುವೆ ಕಿಡಿ ಹಾರದ ಹಾಗೆ ಅವನ್ನ ಒಂದಕ್ಕೊಂದು ಜೋಡಿಸೋದು. ನೋಡೋಕೆ ಹೆಣೆದ ತಾಮ್ರದ ಲಾಡಿ, ಬೋಲ್ಟ್ ಬಿಗಿದರೆ ಮುಗೀತು ಅನ್ಸುತ್ತೆ. ವಾಷರ್ ಕೆಳಗೆ ಬಣ್ಣ ಉಳಿದಿದ್ದರೆ ಅದು ಇದ್ದೂ ಇಲ್ಲದಂತೆ. ಮಾಮೂಲಿ ಮಲ್ಟಿಮೀಟರ್ 'ಸರಿ' ಅಂತ ಬೀಪ್ ಹೊಡೆಯುತ್ತೆ, ಆದರೆ ಇಲ್ಲಿ ಬೇಕಾದದ್ದು ವಿದ್ಯುತ್ತಿಗೆ ಇರೋ ತಡೆಯನ್ನ ಓಮ್‌ನ ಸಾವಿರದ ಒಂದು ಭಾಗದಲ್ಲಿ ಅಳೆಯೋ ಮಿಲಿಓಮ್‌ನ ಲೆಕ್ಕ, ಅದಕ್ಕೆ ಬಾಂಡಿಂಗ್ ಮೀಟರೇ ಆಗಬೇಕು.

ಆನ್‌ಲೈನ್ ತರಬೇತಿ ಮಾಡೋರಿಗೆ ಒಂದು ಮಾತು. ಸುಮ್ನೆ ಸ್ಲೈಡ್ ತಳ್ಳಬೇಡಿ. ನೀವು ಕೆಲಸ ಮಾಡೋ ವಿಮಾನದ ಇಂಧನ ಅಧ್ಯಾಯ, ಅಂದ್ರೆ 28ನೇ ಅಧ್ಯಾಯ ತೆರೆದು ಎಲ್ಲೆಲ್ಲಿ ಸಿಡಿಸಿಸಿಎಲ್ ಗುರುತಿದೆ ಅಂತ ಹುಡುಕಿ. ಆಮೇಲೆ ವೈರಿಂಗ್ ಅಧ್ಯಾಯವನ್ನೂ ನೋಡಿ, ಯಾಕಂದ್ರೆ ಟ್ಯಾಂಕಿಗೆ ಹೋಗೋ ತಂತಿ ಟ್ಯಾಂಕಿನಿಂದ ಎಷ್ಟೋ ದೂರದಲ್ಲೂ ಓಡಾಡುತ್ತೆ, ಅಲ್ಲಿ ಕೆಲಸ ಮಾಡುವ ಎಲೆಕ್ಟ್ರಿಕಲ್ ಹುಡುಗನಿಗೆ ಅದು ನೆನಪೇ ಇರಲ್ಲ. ಡ್ರಿಲ್ ಮಾಡಿದ ಮೇಲೆ ಲೋಹದ ಚೂರು ತಂತಿ ಕಟ್ಟಿನ ಮೇಲೆ ಬಿದ್ದಿದೆಯಾ ಅಂತ ಟಾರ್ಚ್ ಹಿಡಿದು ನೋಡಿ. ಕ್ಲಾಂಪ್ ಸಿಗಲಿಲ್ಲ ಅಂದ್ರೆ ಕೆಲಸ ತೆರೆದೇ ಇಡಿ, ಸಹಿ ಹಾಕಬೇಡಿ. ವಿಮಾನ ಹೊರಡೋದು ತಡ ಆದರೆ ಬೈಗುಳ ತಿನ್ನಬೇಕಾಗುತ್ತೆ, ತಿನ್ನಿ.