ಆಕ್ಲೂಡರ್ ಡಿಸೈನ್: ಮೊದಲು ಸೊಂಟ, ಆಮೇಲೆ ಡಿಸ್ಕ್

ಹೃದಯದ ಗೋಡೆಯಲ್ಲಿರುವ ರಂಧ್ರ ಮುಚ್ಚುವ ಸಾಧನ, ಅಂದರೆ ಆಕ್ಲೂಡರ್, ಬರೆದು ತೋರಿಸಿ ಎಂದರೆ ಹೊಸ ಎಂಜಿನಿಯರ್‌ಗಳು ಎರಡು ದುಂಡನೆಯ ಡಿಸ್ಕ್ ಬರೆದು, ಮಧ್ಯೆ ಒಂದು ಕಡ್ಡಿ ಎಳೆದು ಕೊಡುತ್ತಾರೆ. ನಾನು ಹಾಳೆ ಪಕ್ಕಕ್ಕಿಟ್ಟು, ಆ ಕಡ್ಡಿ ಇರುವ ಜಾಗವನ್ನೇ ಮೊದಲು ಯೋಚಿಸಿ ಬನ್ನಿ ಅನ್ನುತ್ತೇನೆ. ಅದೇ ಸಾಧನದ ಸೊಂಟ. ಸಾಧನವನ್ನು ಮಡಚಿ, ರಕ್ತನಾಳದಲ್ಲಿ ತೂರಿಸಿದ ತೆಳು ಕೊಳವೆಯ ಮೂಲಕ ಹೃದಯಕ್ಕೆ ಒಯ್ದು ಅಲ್ಲಿ ಬಿಚ್ಚುತ್ತಾರೆ; ಗೋಡೆಯ ಎರಡೂ ಕಡೆ ಒಂದೊಂದು ಡಿಸ್ಕ್, ರಂಧ್ರದೊಳಗೆ ಸೊಂಟ. ರಂಧ್ರಕ್ಕೆ ಹೊಂದಿಕೊಳ್ಳುತ್ತದೋ ಇಲ್ಲವೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.

ಇಲ್ಲಿ ಹೇಳುವುದು ಮುಖ್ಯವಾಗಿ ಎಎಸ್‌ಡಿ ಬಗ್ಗೆ. ಅಂದರೆ ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯ ರಂಧ್ರ. ಅದರಲ್ಲೂ ಗೋಡೆಯ ಮಧ್ಯದಲ್ಲಿರುವ ಸೆಕುಂಡಮ್ ಬಗೆ ಮಾತ್ರ. ಪ್ರೈಮಮ್, ಸೈನಸ್ ವೆನೋಸಸ್ ಬಗೆಗಳಲ್ಲಿ ಡಿಸ್ಕ್ ಹಿಡಿದುಕೊಳ್ಳಲು ಸುತ್ತಲೂ ಸರಿಯಾದ ಅಂಚೇ ಸಿಗುವುದಿಲ್ಲ. ಅದು ಈ ಸಾಧನದ ಕೆಲಸವಲ್ಲ.

ರಂಧ್ರವನ್ನು ಕಾಗದಕ್ಕೆ ಇಳಿಸುವುದು

ಡಾಕ್ಟರು "18 ಮಿ.ಮೀ. ರಂಧ್ರ" ಅಂದರೆ ಸುಮ್ನೆ ಬರೆದುಕೊಳ್ಳಬೇಡಿ. ಆ 18 ಎಲ್ಲಿಂದ ಬಂತು ಎಂದು ಕೇಳಿ. ಎಕೋದಲ್ಲಿ ಕಂಡದ್ದಾ, ಅಥವಾ ಬಲೂನ್ ಉಬ್ಬಿಸಿ ರಕ್ತ ದಾಟುವುದು ನಿಂತ ಕ್ಷಣದಲ್ಲಿ ಅಳೆದದ್ದಾ? ಎರಡೂ ಒಂದೇ ಬರುವುದಿಲ್ಲ. ಬಲೂನ್ ಮೆತ್ತಗಿನ ಅಂಚನ್ನು ದೂಡಿರುತ್ತದೆ. ಜತೆಗೆ ರಂಧ್ರ ಬಹಳ ಸಲ ಮೊಟ್ಟೆಯಾಕಾರದಲ್ಲಿರುತ್ತದೆ, ಪ್ರತಿ ಬಡಿತಕ್ಕೂ ಹಿಗ್ಗಿ ಕುಗ್ಗುತ್ತದೆ. ಹಾಗಾಗಿ ಡಿಸೈನ್ ಹಾಳೆಯಲ್ಲಿ ದೊಡ್ಡ ವ್ಯಾಸ, ಸಣ್ಣ ವ್ಯಾಸ, ಬಡಿತಕ್ಕೆ ಎಷ್ಟು ಬದಲಾಗುತ್ತದೆ, ಗೋಡೆ ಎಷ್ಟು ದಪ್ಪ, ಸುತ್ತಲ ಅಂಚು ಎಷ್ಟು ಅಗಲ, ಇಷ್ಟೂ ಇರಬೇಕು. ಮಗುವಾದರೆ ಎಡಗಡೆಯ ಮೇಲಿನ ಕೋಣೆಯ ಅಗಲವೂ ಬೇಕು. ಡಿಸ್ಕ್ ಬಿಚ್ಚಿಕೊಳ್ಳುವುದಕ್ಕೆ ಜಾಗವೇ ಇಲ್ಲದಿದ್ದರೆ ಉಳಿದ ಲೆಕ್ಕವೆಲ್ಲ ವ್ಯರ್ಥ.

ಸೊಂಟದ ಲೆಕ್ಕ

ಮಧ್ಯೆ ಬರೀ ತೆಳು ಕಡ್ಡಿ ಇಟ್ಟರೆ ಏನಾಗುತ್ತದೆ ನೋಡಿ. ರಂಧ್ರ 20 ಮಿ.ಮೀ. ಎಂದಿಟ್ಟುಕೊಳ್ಳಿ. ಕಡ್ಡಿ ರಂಧ್ರದ ನಡುವೆಯೇ ನಿಲ್ಲುತ್ತದೆ ಅನ್ನುವ ಗ್ಯಾರಂಟಿ ಇಲ್ಲ, ಒಂದು ಅಂಚಿಗೆ ಜಾರಬಹುದು. ಹಾಗೆ ಜಾರಿದಾಗಲೂ ಎದುರು ಅಂಚು ಮುಚ್ಚಬೇಕಾದರೆ ಡಿಸ್ಕ್‌ನ ತ್ರಿಜ್ಯವೇ 20 ದಾಟಬೇಕು. ಅಂದರೆ 40 ಮಿ.ಮೀ.ಗಿಂತ ದೊಡ್ಡ ಡಿಸ್ಕ್!

ಕರ್ಟ್ ಆಂಪ್ಲಾಟ್ಜ್ ಅವರ ಸಾಧನ ಈ ತೊಂದರೆ ನೀಗಿಸಿತು. ಅದರಲ್ಲಿ ಸೊಂಟವೇ ರಂಧ್ರವನ್ನು ತುಂಬುತ್ತದೆ, ಹಾಗಾಗಿ ತಾನಾಗಿ ಮಧ್ಯಕ್ಕೆ ಬರುತ್ತದೆ. 20 ಮಿ.ಮೀ. ಸೊಂಟಕ್ಕೆ ಎಡ ಡಿಸ್ಕ್ 34 ಮಿ.ಮೀ. ಸಾಕು. 2001ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಪಡೆದ ಈ ಸಾಧನ ಇವತ್ತಿಗೂ ಈ ಕ್ಷೇತ್ರದ ಅಳತೆಗೋಲು. ಆದರೆ ಸೊಂಟದ ಅಳತೆ ಒಂದೊಂದಕ್ಕೂ ನಿಗದಿ. 4ರಿಂದ 40 ಮಿ.ಮೀ.ವರೆಗೆ ಸಾಲು ಸಾಲು ಸೈಜ್ ಇಡಬೇಕು. ಅಳತೆ ತಪ್ಪಿ ದೊಡ್ಡದು ಹಾಕಿದರೆ ಅದು ಅಂಚನ್ನು ಸದಾ ಒತ್ತುತ್ತಿರುತ್ತದೆ.

ಗೋರ್ ಕಂಪನಿಯ ಕಾರ್ಡಿಯೋಫಾರ್ಮ್ ಎಎಸ್‌ಡಿ ಸಾಧನ ಇನ್ನೊಂದು ದಾರಿ ಹಿಡಿಯಿತು. 2019ರಲ್ಲಿ ಒಪ್ಪಿಗೆ ಸಿಕ್ಕಿತು. ಸೈಜ್ ಐದೇ, 8ರಿಂದ 35 ಮಿ.ಮೀ. ರಂಧ್ರಗಳಿಗೆ ಸಾಕು. ಸೊಂಟ ಮೆದು, ರಂಧ್ರ ಯಾವ ಆಕಾರದಲ್ಲಿದೆಯೋ ಆ ಆಕಾರಕ್ಕೆ ಬರುತ್ತದೆ. ಹೊಲಿದ ಪ್ಯಾಂಟಿನ ಸೊಂಟಕ್ಕೂ ಎಲಾಸ್ಟಿಕ್ ಹಾಕಿದ ಸೊಂಟಕ್ಕೂ ಇರುವ ವ್ಯತ್ಯಾಸ ಇದು, ಅಲ್ವಾ?

ಹಾಗಾದರೆ ಡಿಸೈನ್ ಮಾಡುವವರು ಹಿಡಿಯಬೇಕಾದ ಸಂಖ್ಯೆ ಯಾವುದು? ನನ್ನ ಪ್ರಕಾರ ವ್ಯಾಸಕ್ಕಿಂತ ಒತ್ತಡದ ಬಲ ಮುಖ್ಯ. ಒಂದು ಸೈಜ್ 15ರಿಂದ 20 ಮಿ.ಮೀ.ವರೆಗೆ ಕೆಲಸ ಮಾಡಬೇಕು ಎಂದಿದ್ದರೆ, 15ರಲ್ಲೂ 20ರಲ್ಲೂ ಸೊಂಟ ಅಂಚಿನ ಮೇಲೆ ಹೊರಮುಖವಾಗಿ ಹಾಕುವ ಬಲ ಹೆಚ್ಚುಕಡಿಮೆ ಒಂದೇ ಇರಬೇಕು. ವ್ಯಾಸ ಅಡ್ಡಕ್ಕೆ, ಬಲ ಮೇಲಕ್ಕೆ ಇಟ್ಟು ಗ್ರಾಫ್ ಬರೆಯಿರಿ. ಬೇಕಾದ ವ್ಯಾಪ್ತಿಯಲ್ಲಿ ಗೆರೆ ಆದಷ್ಟು ಮಟ್ಟಸವಾಗಿರಲಿ. ಅಳೆಯುವಾಗ ಸಾಧನವನ್ನು ಪೂರ್ತಿ ಹಿಂಡಿ, ಆಮೇಲೆ ಬಿಡುತ್ತಾ ಹೋಗುವಾಗಿನ ಬಲವನ್ನೇ ತೆಗೆದುಕೊಳ್ಳಿ. ನಿಜವಾದ ರೋಗಿಯಲ್ಲೂ ಅದು ಕೊಳವೆಯಿಂದ ಹೊರಬಂದು ಅರಳುತ್ತಲೇ ರಂಧ್ರದಲ್ಲಿ ಕೂರುವುದು. ಸಾಧನ ಹೆಣೆಯುವ ಲೋಹವಾದ ನಿಟಿನಾಲ್‌ನಲ್ಲಿ ಹಿಂಡುವಾಗಿನ ಬಲಕ್ಕೂ ಬಿಡುವಾಗಿನ ಬಲಕ್ಕೂ ಬಹಳ ಅಂತರ. ಸಿಲಿಕೋನ್ ತಟ್ಟೆಯಲ್ಲಿ ಮೊಟ್ಟೆಯಾಕಾರದ ತೂತು ಕೊರೆದು ಅದರಲ್ಲೂ ಕೂರಿಸಿ ನೋಡಿ. ದುಂಡು ತೂತಿನಲ್ಲಿ ಚೆನ್ನಾಗಿ ಕೂತ ಎಷ್ಟೋ ಮಾದರಿಗಳು ಅಲ್ಲಿ ಎರಡು ಮೂಲೆಗಳಲ್ಲಿ ಸಂದು ಬಿಡುತ್ತವೆ.

ಇನ್ನೊಂದು ಮಾತು. ಸೊಂಟ ಹಿಂಡಿದಾಗ ಡಿಸ್ಕ್ ಚಪ್ಪಟೆಯಾಗಿಯೇ ಉಳಿಯಬೇಕು. ಒಂದೇ ಹೆಣಿಗೆಯಲ್ಲಿ ಎರಡನ್ನೂ ಮಾಡಿದರೆ ಸೊಂಟದ ತಂತಿ ಹಿಂಡಿದಾಗ ಡಿಸ್ಕ್ ಅಣಬೆಯಂತೆ ಉಬ್ಬುತ್ತದೆ. ಸೊಂಟಕ್ಕೂ ಡಿಸ್ಕ್‌ಗೂ ನಡುವೆ ತಂತಿ ಬಾಗುವ ಜಾಗವನ್ನು ಬೇರೆಯಾಗಿಯೇ ಯೋಚಿಸಿ.

ಡಿಸ್ಕ್‌ನ ಅಂಚು

ಮಹಾಪಧಮನಿಯ ಕಡೆಯ ಅಂಚು 5 ಮಿ.ಮೀ.ಗಿಂತ ಕಡಿಮೆ ಇರುವ ರೋಗಿಗಳು ಬೇಕಾದಷ್ಟು ಇದ್ದಾರೆ. ಅಲ್ಲಿ ಡಿಸ್ಕ್‌ನ ತುದಿ ಕೋಣೆಯ ಮೇಲ್ಗೋಡೆಗೂ ಮಹಾಪಧಮನಿಗೂ ತಾಗಿ ಉಜ್ಜುತ್ತದೆ. ತೀರಾ ಅಪರೂಪಕ್ಕೆ ಗೋಡೆ ಸವೆದು ತೂತಾಗುತ್ತದೆ, ಆಗ ಪ್ರಾಣಕ್ಕೇ ಅಪಾಯ. ಆದ್ದರಿಂದ ತುದಿ ಮೆದುವಾಗಿ ಮಡಚಿಕೊಳ್ಳಲಿ, ಮಹಾಪಧಮನಿಯನ್ನು ಬಳಸಿ ಎರಡು ಕಡೆ ಹರಡಿಕೊಳ್ಳಲಿ. ಗಟ್ಟಿ ಬಳೆಯಂಥ ಅಂಚನ್ನು ನಾನಂತೂ ಒಪ್ಪುವುದಿಲ್ಲ, ಸಿಮ್ಯುಲೇಷನ್‌ನಲ್ಲಿ ಎಷ್ಟೇ ಚೆನ್ನಾಗಿ ಕಂಡರೂ.

ತಂತಿ, ಬಿಸಿ, ಬಟ್ಟೆ

ನಿಟಿನಾಲ್ ಎಂದರೆ ನಿಕಲ್ ಮತ್ತು ಟೈಟಾನಿಯಂ, ತೂಕದಲ್ಲಿ ನಿಕಲ್ ಸುಮಾರು 55%. ಅಚ್ಚಿಗೆ ಬಿಗಿದು ಸುಮಾರು 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ನಿಮಿಷ ಇಟ್ಟರೆ ಆಕಾರ ನೆನಪಿಟ್ಟುಕೊಳ್ಳುತ್ತದೆ. ಇಲ್ಲಿ ಹುಷಾರು: ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದರ ಮೇಲೆ ಅದು ಪೂರ್ತಿ ಸ್ಪ್ರಿಂಗ್ ಆಗುವ ತಾಪಮಾನವೂ ಬದಲಾಗುತ್ತದೆ. ಅದು 37 ಡಿಗ್ರಿಗಿಂತ ಕೆಳಗಿರಲೇಬೇಕು. ಒಂದು ಡಿಗ್ರಿ ವ್ಯತ್ಯಾಸಕ್ಕೆ ತಂತಿಯ ಒತ್ತಡ ಸುಮಾರು 6ರಿಂದ 7 ಮೆಗಾಪ್ಯಾಸ್ಕಲ್ ಬದಲಾಗುತ್ತದೆ. ಎರಡು ಬ್ಯಾಚ್‌ಗಳ ನಡುವೆ 5 ಡಿಗ್ರಿ ಆಚೀಚೆಯಾದರೂ ನೀವು ಕಷ್ಟಪಟ್ಟು ಮಟ್ಟಸ ಮಾಡಿದ ಗೆರೆ ಮೇಲೆ ಕೆಳಗೆ ಹೋಗುತ್ತದೆ. ಮೇಲ್ಮೈಗೆ ಎಲೆಕ್ಟ್ರೋಪಾಲಿಶ್ ಮಾಡಿಸಿ, ತುಕ್ಕಿನ ಪರೀಕ್ಷೆ ಮಾಡಿಸಿ, ನಿಕಲ್ ಹೊರಬರುವುದನ್ನು ಅಳೆಯಿರಿ. ತೆಳು ತಂತಿ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ, ಒಳಗೆ ಪ್ಲಾಟಿನಂ ತುಂಬಿದ ತಂತಿ ಒಂದು ಪರಿಹಾರ.

ತಂತಿಯ ಚೌಕಟ್ಟಿಗೆ ರಕ್ತ ದಾಟದಂತೆ ಹಾಕುವ ಬಟ್ಟೆ ಪಾಲಿಯೆಸ್ಟರ್ ಆಗಬಹುದು, ಇಪಿಟಿಎಫ್‌ಇ ಎಂಬ ಪ್ಲಾಸ್ಟಿಕ್ಕಿನ ಪೊರೆ ಆಗಬಹುದು. ಅದರ ಮೇಲೆ ಜೀವಕೋಶ ಬೆಳೆದು ಮುಚ್ಚಿಕೊಳ್ಳಲು ತಿಂಗಳುಗಳೇ ಬೇಕು, ಅದಕ್ಕೇ ಡಾಕ್ಟರು ಸುಮಾರು 6 ತಿಂಗಳು ಆಸ್ಪಿರಿನ್ ಕೊಡುತ್ತಾರೆ. ಸಾಧನವನ್ನು ಮಡಚಿದಾಗ ಕೊಳವೆಯಲ್ಲಿ ಜಾಗ ತಿನ್ನುವುದು ಮಾತ್ರ ತಂತಿಗಿಂತ ಜಾಸ್ತಿ ಈ ಬಟ್ಟೆಯೇ. 1975ರಲ್ಲಿ ಕಿಂಗ್ ಮತ್ತು ಮಿಲ್ಸ್ ಎಂಬ ವೈದ್ಯರು ಮೊದಲ ಸಲ ಮನುಷ್ಯರಲ್ಲಿ ಕೊಳವೆಯ ಮೂಲಕ ಎಎಸ್‌ಡಿ ಮುಚ್ಚಿದಾಗ 23 ಫ್ರೆಂಚ್ (ಕೊಳವೆಯ ವ್ಯಾಸದ ಅಳತೆ) ಕೊಳವೆ ಬೇಕಾಗಿತ್ತು, ಅಂದರೆ ಸುಮಾರು 7.7 ಮಿ.ಮೀ. ಈಗ 12 ಫ್ರೆಂಚ್ ದಾಟಿದರೇ ಡಾಕ್ಟರ ಮುಖ ಗಂಟಾಗುತ್ತದೆ.

ಮುರಿಯುವ ತನಕ ಪರೀಕ್ಷೆ

ಹೃದಯ ವರ್ಷಕ್ಕೆ ಸುಮಾರು 4 ಕೋಟಿ ಸಲ ಬಡಿಯುತ್ತದೆ. ಹತ್ತು ವರ್ಷದ ಪರೀಕ್ಷೆ ಎಂದರೆ 40 ಕೋಟಿ ಸಲ, 37 ಡಿಗ್ರಿ ಉಪ್ಪುನೀರಿನಲ್ಲಿ. ಮೆದು ಸೊಂಟಕ್ಕೆ ಇದೇ ಕಷ್ಟದ ಪರೀಕ್ಷೆ. ಹೊಂದಿಕೊಳ್ಳುವುದು ಎಂದರೆ ಪ್ರತಿ ಬಡಿತಕ್ಕೂ ಅಲುಗಾಡುವುದು ತಾನೇ? 1990ರ ದಶಕದ ಆರಂಭದಲ್ಲಿ ಕ್ಲಾಮ್‌ಶೆಲ್ ಎಂಬ ಸಾಧನವನ್ನು ಲೋಹದ ತೋಳುಗಳು ಮುರಿಯುತ್ತಿದ್ದ ಕಾರಣಕ್ಕೆ ಹಿಂದೆಗೆದುಕೊಳ್ಳಬೇಕಾಯಿತು. ಸರಾಸರಿ ಬಾಗುವಿಕೆಗಿಂತ ಅದರ ಮೇಲೆ ಬರುವ ಏರಿಳಿತವೇ ತಂತಿಯನ್ನು ಹೆಚ್ಚು ಕೊಲ್ಲುತ್ತದೆ. ಪರೀಕ್ಷೆಗಳ ಪಟ್ಟಿಗೆ ಇಂಥ ಸಾಧನಗಳ ಅಂತರರಾಷ್ಟ್ರೀಯ ಮಾನದಂಡವಾದ 2021ರ ಐಎಸ್‌ಒ 22679 ಹಿಡಿಯಿರಿ, ಅಪಾಯದ ಲೆಕ್ಕಕ್ಕೆ ಐಎಸ್‌ಒ 14971.

ಇದೇ ಸಾಧನವನ್ನು ಕೆಳಗಿನ ಕೋಣೆಗಳ ಗೋಡೆಗೆ, ಅಂದರೆ ವಿಎಸ್‌ಡಿಗೆ, ಚಿಕ್ಕದು ಮಾಡಿ ಹಾಕೋಣ ಅನ್ನಬೇಡಿ. ಅಲ್ಲಿ ಒಂದು ಬಗೆಯ ರಂಧ್ರದ ಪಕ್ಕದಲ್ಲೇ ಹೃದಯದ ವಿದ್ಯುತ್ ಸಂಕೇತ ಸಾಗಿಸುವ ನಾರು ಹೋಗುತ್ತದೆ. ಸೊಂಟ ಜೋರಾಗಿ ಒತ್ತಿದರೆ ಹಾರ್ಟ್ ಬ್ಲಾಕ್, ಅಂದರೆ ಆ ಸಂಕೇತಕ್ಕೇ ತಡೆ. ತೀರಾ ಮೆದುವಾದರೆ ಎಡ ಕೋಣೆಯ ಒತ್ತಡಕ್ಕೆ ಸಾಧನವೇ ಕಿತ್ತು ಹೋಗುತ್ತದೆ. ಬಲದ ಗ್ರಾಫನ್ನು ಮೊದಲಿನಿಂದ ಬರೆಯಬೇಕು.

ಕಡೆಗೆ, ವಾಪಸ್ ಎಳೆಯುವ ಪರೀಕ್ಷೆ. ಡಾಕ್ಟರು ಬಿಡುವ ಮುಂಚೆ ಸಾಧನವನ್ನು ಹಿಂದೆ ಮುಂದೆ ಅಲುಗಿಸಿ ನೋಡುತ್ತಾರೆ, ಇಷ್ಟವಾಗದಿದ್ದರೆ ಕೊಳವೆಗೆ ಎಳೆದುಕೊಂಡು ಮತ್ತೆ ಕೂರಿಸುತ್ತಾರೆ. ಹಾಗೆ ಹಲವು ಸಲ ಒಳಗೆ ಹೊರಗೆ ಮಾಡಿದ ಸಾಧನವನ್ನೇ ತೆಗೆದುಕೊಂಡು ಸೊಂಟದ ಬಲವನ್ನು ಇನ್ನೊಮ್ಮೆ ಅಳೆಯಿರಿ, ಬಟ್ಟೆಯ ಹೊಲಿಗೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ. ಪ್ಯಾಕ್ ಬಿಚ್ಚಿದ ಹೊಸ ಸಾಧನದ ಗ್ರಾಫ್ ತಂದು ತೋರಿಸಿದರೆ ನಾನು ಸಹಿ ಹಾಕುವುದಿಲ್ಲ.