ಜಗಳ ಠಾಣೆ ಮೆಟ್ಟಿಲು ಹತ್ತುವ ಮೊದಲು: ಚರ್ಚಿನ ಗುರಿಕಾರರು ಏನು ಮಾಡಬಹುದು

ನಮ್ಮ ಕರಾವಳಿಯ ಕೆಥೋಲಿಕ್ ಚರ್ಚುಗಳಲ್ಲಿ ವಾರ್ಡಿಗೊಬ್ಬರು, ಅಂದರೆ ಚರ್ಚಿಗೆ ಸೇರಿದ ಮನೆಗಳ ಒಂದೊಂದು ಗುಂಪಿಗೆ ಒಬ್ಬರು, ಗುರಿಕಾರರು (ಮುಖ್ಯಸ್ಥರು) ಇರುತ್ತಾರೆ. ಹಬ್ಬಕ್ಕೆ ವಂತಿಗೆ ಎತ್ತುವುದು, ಮರಣದ ಸುದ್ದಿ ಮನೆಮನೆಗೆ ಮುಟ್ಟಿಸುವುದು, ಇಷ್ಟೇ ಅವರ ಕೆಲಸ ಎಂದು ಈಗ ಹೆಚ್ಚಿನವರು ತಿಳಿದಿದ್ದಾರೆ. ಅಜ್ಜ ಅಜ್ಜಿಯರ ಕಾಲದಲ್ಲಿ ಹಾಗಿರಲಿಲ್ಲ. ಬೇಲಿ ಜಗಳ, ಅಣ್ಣತಮ್ಮಂದಿರ ಪಾಲು, ತೋಡಿನ ನೀರಿನ ತಕರಾರು ಎಲ್ಲವೂ ಮೊದಲು ಗುರಿಕಾರರ ಜಗಲಿಗೆ ಬರುತ್ತಿದ್ದವು. ನಾನು ಕಾರ್ಕಳ ಕಡೆಯವಳು. ಹೊಲಿಗೆ ಅಂಗಡಿ ನಡೆಸುತ್ತೇನೆ, ಜೊತೆಗೆ ನಮ್ಮ ವಾರ್ಡಿನ ಗುರಿಕಾರಿಕೆಯನ್ನೂ ಮಾಡುತ್ತೇನೆ. ಹೊಸದಾಗಿ ಗುರಿಕಾರರಾದವರು ಕೇಳುವ ಪ್ರಶ್ನೆಗಳಿಗೆ ನನಗೆ ಗೊತ್ತಿರುವಷ್ಟನ್ನು ಇಲ್ಲಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ರಸಂಗದಿಂದ, ಅಂದರೆ ಪೂಜೆಯಲ್ಲಿ ಪಾದ್ರಿ ಮಾಡುವ ಉಪದೇಶದಿಂದ, ಅಪರಾಧ ಕಡಿಮೆಯಾಗುವುದಿಲ್ಲ. ಕತ್ತಿ ಎತ್ತುವವನು ಭಾನುವಾರ ಪೂಜೆಗೆ ಬಂದಿರುವುದೇ ಇಲ್ಲ. ಅವನ ಅಮ್ಮ ಬಂದಿರುತ್ತಾರೆ, ಅಕ್ಕ ಬಂದಿರುತ್ತಾಳೆ. ಚರ್ಚಿಗೆ ಇರುವ ಅನುಕೂಲ ಇದೇ. ಜಗಳದ ವಾಸನೆ ಪೊಲೀಸರಿಗಿಂತ ಎಷ್ಟೋ ತಿಂಗಳು ಮೊದಲು ನಮಗೆ ಸಿಗುತ್ತದೆ. ಆಗಲೇ ಕೈ ಹಾಕಿದರೆ ಏನಾದರೂ ಮಾಡಬಹುದು.

ವಾಸನೆ ಹಿಡಿಯುವುದು ಹೇಗೆ

ವಂತಿಗೆ ರಶೀದಿ ಪುಸ್ತಕ ಕೈಯಲ್ಲಿ ಹಿಡಿದು ಹೋದರೆ ಯಾರೂ ಮನಸ್ಸು ಬಿಚ್ಚುವುದಿಲ್ಲ. ಸುಮ್ನೆ ಹೋಗಿ. ತೆಂಗಿನಕಾಯಿಗೆ ರೇಟೆಷ್ಟು, ಮಗಳ ಪಿಯುಸಿ ಏನಾಯಿತು, ಇಷ್ಟು ಸಾಕು. ಅಕ್ಟೋಬರದಲ್ಲಿ ಜಪಸರದ ಪ್ರಾರ್ಥನೆ ಮನೆಯಿಂದ ಮನೆಗೆ ಹೋಗುತ್ತದಲ್ಲ, ಆಗ ಸ್ವಲ್ಪ ಗಮನ ಕೊಡಿ. ಎಲ್ಲರ ಮನೆಗೂ ಬರುವವರು ಒಂದೇ ಒಂದು ಮನೆಗೆ ಮಾತ್ರ ತಪ್ಪಿಸುತ್ತಾರೆ. ಒಂದು ಸಲ ತಪ್ಪಿದರೆ ಮದುವೆಗೋ ಆಸ್ಪತ್ರೆಗೋ ಹೋಗಿರಬಹುದು. ಮುಂದಿನ ವರ್ಷವೂ ಅದೇ ಮನೆ ತಪ್ಪಿದರೆ ಅಲ್ಲೇನೋ ಇದೆ ಎಂದು ತಿಳಿಯಿರಿ.

ನನ್ನ ಅಂಗಡಿಯೂ ಇದಕ್ಕೆ ಒಳ್ಳೆಯದೇ. ರವಿಕೆ ಅಳತೆ ಕೊಡುವಾಗ ಹೆಂಗಸರು ಹೇಳುವಷ್ಟನ್ನು ಚರ್ಚಿನ ಆಡಳಿತ ನೋಡುವ ಪಾಲನಾ ಮಂಡಳಿಯ ಸಭೆಯಲ್ಲಿ ಯಾರೂ ಹೇಳುವುದಿಲ್ಲ. ಗಂಡಸರೇ ಗುರಿಕಾರರಾಗಿರುವ ವಾರ್ಡಿನಲ್ಲಿ ಜೊತೆಗೆ ಒಬ್ಬ ಹೆಂಗಸನ್ನು ಇಟ್ಟುಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಬೇಲಿ ಮತ್ತು ಪಾಲು

ನಮ್ಮಲ್ಲಿ ಹೊಡೆದಾಟದ ಬೇರು ಹುಡುಕಿದರೆ ಹೆಚ್ಚಾಗಿ ಜಾಗವೇ ಸಿಗುತ್ತದೆ. ಅಣ್ಣ ಊರಲ್ಲಿ ತೋಟ ನೋಡಿಕೊಳ್ಳುತ್ತಾನೆ, ತಮ್ಮ ಕುವೈತಿನಿಂದ ದುಡ್ಡು ಕಳಿಸಿದ್ದಾನೆ, ಮನೆ ಯಾರದು ಎಂಬ ಪ್ರಶ್ನೆ ಅಪ್ಪ ತೀರಿಕೊಂಡ ಮೇಲೆ ಏಳುತ್ತದೆ. ಇಲ್ಲಿ ಯಾವ ಕ್ರಮದಲ್ಲಿ ಹೋಗಬೇಕು ಎಂಬುದನ್ನು ಮತ್ತಾಯನ ಸುವಾರ್ತೆ 18ನೇ ಅಧ್ಯಾಯವೇ ಹೇಳುತ್ತದೆ. ಮೊದಲು ಒಬ್ಬನೇ ಹೋಗಿ ಮಾತಾಡು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಆಗದಿದ್ದರೆ ಸಭೆಗೆ ತಿಳಿಸು. ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಮೊದಲ ದಿನವೇ ಇಬ್ಬರನ್ನೂ ಚರ್ಚಿನ ಹಾಲಿಗೆ ಕರೆದು ಫಾದರ್ ಎದುರು ನಿಲ್ಲಿಸಿಬಿಡುತ್ತಾರೆ. ಊರೆಲ್ಲ ನೋಡುವಾಗ ಯಾರು ಸೋಲಲು ಒಪ್ಪುತ್ತಾರೆ?

ನಾನು ಮಾಡುವುದು ಹೀಗೆ. ಇಬ್ಬರ ಮನೆಗೂ ಬೇರೆ ಬೇರೆಯಾಗಿ ಹೋಗುತ್ತೇನೆ. ಒಂದು ಮನೆಯಲ್ಲಿ ಚಾ ಕುಡಿದರೆ ಇನ್ನೊಂದು ಮನೆಯಲ್ಲೂ ಕುಡಿಯಲೇಬೇಕು, ಇಂಥದ್ದನ್ನೆಲ್ಲ ಜನ ಲೆಕ್ಕ ಇಡುತ್ತಾರೆ. ಮೊದಲ ಭೇಟಿಯಲ್ಲಿ ಸಲಹೆ ಕೊಡುವುದಿಲ್ಲ. ‘ನಿಮಗೆ ಏನಾದರೆ ಸಾಕು?’ ಎಂದು ಮಾತ್ರ ಕೇಳುತ್ತೇನೆ. ನಾಲ್ಕು ಸೆಂಟ್ಸ್ ಜಾಗಕ್ಕೆ ಜಗಳ ಎಂದುಕೊಂಡು ಹೋದರೆ, ‘ಅಮ್ಮನ ಔಷಧಿ ಖರ್ಚು ನಾನೊಬ್ಬನೇ ಹಾಕಿದೆ, ಅದನ್ನು ಅವನು ಒಮ್ಮೆ ಬಾಯಿಬಿಟ್ಟು ಹೇಳಲಿ’ ಎಂಬ ಉತ್ತರ ಬರುವುದೂ ಉಂಟು.

ಎರಡನೇ ಸುತ್ತಿಗೆ ಇಬ್ಬರೂ ಒಪ್ಪುವ ಇಬ್ಬರು ಹಿರಿಯರು ಬೇಕು. ಪಕ್ಕದ ಜಾಗ ಶೆಟ್ಟರದ್ದೋ ಬ್ಯಾರಿಗಳದ್ದೋ ಆಗಿದ್ದರೆ ಆ ಕಡೆಯವರೇ ಒಬ್ಬರು ಕೂರಬೇಕು. ಫಾದರನ್ನು ಈ ಹಂತದಲ್ಲಿ ದೂರ ಇಡಿ. ಅವರ ಮಾತೂ ಮುರಿದರೆ ಅದಕ್ಕಿಂತ ಮೇಲೆ ಹೋಗಲು ಊರಲ್ಲಿ ಯಾರೂ ಉಳಿಯುವುದಿಲ್ಲ. ಅಲ್ಲದೆ ಅವರಿಗೆ ಕೆಲವು ವರ್ಷಕ್ಕೆ ವರ್ಗವಾಗುತ್ತದೆ, ನಾವು ಇಲ್ಲೇ ಇರುವವರು.

ಗಡಿಯ ವಿಷಯದಲ್ಲಿ ಬಾಯಿಮಾತು ಬೇಡ. ‘ಅಜ್ಜ ಅಲ್ಲಿ ಮುರಕಲ್ಲು ಇಟ್ಟಿದ್ದರು’ ಎಂಬ ನೆನಪನ್ನು ನಂಬಿ ತೀರ್ಮಾನ ಮಾಡಿದರೆ ಮತ್ತೆ ಜಗಳ ಗ್ಯಾರಂಟಿ. ಹದ್ದುಬಸ್ತಿಗೆ (ಗಡಿ ಅಳೆದು ಗುರುತಿಸುವುದಕ್ಕೆ) ಅರ್ಜಿ ಹಾಕಿಸಿ, ಸರ್ವೆಯವರು ಬಂದು ಅಳೆಯಲಿ. ಪಾಲಾಗುವುದಿದ್ದರೆ ಸರ್ವೆಯವರು ಮಾಡಿಕೊಡುವ 11ಇ ನಕ್ಷೆ ಬೇಕು, ಪಾಲುಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಬೇಕು. ಅಳತೆ ದಿನದವರೆಗೆ ಯಾರೂ ಬೇಲಿ ಮುಟ್ಟಬಾರದು, ಬಾಗಿದ ತೆಂಗಿನಮರದ ಕಾಯಿ ಯಾರಿಗೆ, ಕುವೈತಿನ ತಮ್ಮನಿಗೆ ವಿಡಿಯೋ ಕಾಲ್ ಮಾಡಿ ಹೇಳುವುದು ಯಾರು, ಇಂಥ ಸಣ್ಣ ಸಣ್ಣ ವಿಷಯಗಳನ್ನೂ ಕಾಗದದಲ್ಲಿ ಬರೆದು ಇಬ್ಬರ ಸಹಿ ತೆಗೆದುಕೊಳ್ಳಿ. ರಾಜಿ ಮುರಿಯುವುದು ದೊಡ್ಡ ವಿಷಯದಲ್ಲಲ್ಲ, ಆ ಕಾಯಿಯ ವಿಷಯದಲ್ಲೇ.

ರಾಜಿಯನ್ನು ಗಟ್ಟಿ ಮಾಡಬೇಕಿದ್ದರೆ ಲೋಕ್ ಅದಾಲತ್, ಅಂದರೆ ರಾಜಿಯಲ್ಲಿ ಕೇಸು ಮುಗಿಸುವ ಜನತಾ ನ್ಯಾಯಾಲಯ, ಇದೆ. ಕೋರ್ಟಿನಲ್ಲಿ ಕೇಸು ಹಾಕುವ ಮೊದಲೂ ಅಲ್ಲಿಗೆ ಹೋಗಬಹುದು. ಅಲ್ಲಿ ಆದ ತೀರ್ಪಿಗೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಅದರ ಮೇಲೆ ಅಪೀಲು ಇಲ್ಲ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ನೋಡದೆ ಪುಕ್ಕಟೆ ವಕೀಲರು ಸಿಗುತ್ತಾರೆ. ಫೋನ್ ನಂಬರ್ 15100.

ಕೈ ಹಾಕಬಾರದ ಕಡೆ

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಗೊತ್ತಾದರೆ ರಾಜಿಯ ಮಾತೇ ಇಲ್ಲ. ಮಕ್ಕಳ ರಕ್ಷಣೆಗೆ ಇರುವ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು ಇದೆ. ಆರೋಪಿ ಕ್ರಿಸ್ತೋಪದೇಶ ಕಲಿಸುವವನಾಗಲಿ, ಪಾಲನಾ ಮಂಡಳಿಯ ಉಪಾಧ್ಯಕ್ಷನಾಗಲಿ, ಧರ್ಮಗುರುವೇ ಆಗಲಿ, ಏನೂ ವ್ಯತ್ಯಾಸವಿಲ್ಲ. ‘ಚರ್ಚಿನ ಹೆಸರು ಹಾಳಾಗುತ್ತದೆ’ ಎನ್ನುವವರು ಬರುತ್ತಾರೆ. ಅವರಿಗೆ ಉತ್ತರ ಕೊಡುತ್ತಾ ಕೂರಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಹೆಂಡತಿಗೆ ಹೊಡೆಯುವ ಗಂಡನನ್ನೂ ‘ಮಾತುಕತೆ’ಗೆ ಕೂರಿಸಬೇಡಿ. ಎದುರು ಕೂತಾಗ ಆಕೆ ‘ಎಲ್ಲ ಸರಿಯಾಗಿದೆ ಅಕ್ಕಾ’ ಎಂದೇ ಹೇಳುತ್ತಾಳೆ. ರಾತ್ರಿ ಅದೇ ಮನೆಗೆ ಹೋಗಬೇಕಲ್ಲ! ಆಕೆಯನ್ನು ಒಬ್ಬಳನ್ನೇ ಮಾತಾಡಿಸಿ. ಹೋಗಲು ಜಾಗ ಇದೆಯಾ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಸರ್ಟಿಫಿಕೇಟು ಕೈಗೆ ಸಿಗುವ ಕಡೆ ಇವೆಯಾ ಎಂದು ಕೇಳಿ. ಕಾನ್ವೆಂಟಿನ ಸಿಸ್ಟರುಗಳು ಇಂಥ ವಿಷಯದಲ್ಲಿ ನಮಗಿಂತ ಗಟ್ಟಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ‘ಮದುವೆ ಸಂಸ್ಕಾರ, ಸಹಿಸಿಕೋ ಮಗಾ’ ಎನ್ನುವ ಹಿರಿಯರನ್ನು ಆ ಮನೆಯ ಅಂಗಳಕ್ಕೂ ಬಿಡಬೇಡಿ. ಕೊಲೆಯಾದ ಮೇಲೆ ಸಾವಿನ ಪೂಜೆ ಇಡುವುದಕ್ಕಿಂತ ಇದು ಮೇಲು.

ಕುಡಿತ

ಉಪದೇಶ ಬೇಡ. ಕುಡಿಯುವವನಿಗೆ ಅದು ನಮಗಿಂತ ಚೆನ್ನಾಗಿ ಬಾಯಿಪಾಠವಾಗಿದೆ. ಕುಡಿತ ಬಿಡಲು ಹೊರಟವರೇ ಸೇರಿ ನಡೆಸುವ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್) ಮೀಟಿಂಗಿಗೆ ಚರ್ಚಿನ ಒಂದು ಕೋಣೆ ಬಿಟ್ಟುಕೊಡಿ, ಬೀಗದ ಕೈ ಅವರ ಹತ್ತಿರವೇ ಇರಲಿ, ಹೊರಗೆ ಬೋರ್ಡು ಬೇಡ, ಯಾರು ಬಂದರು ಎಂದು ಇಣುಕುವುದೂ ಬೇಡ. ಹೆಂಡತಿ ಮಕ್ಕಳಿಗೆ ಅಲ್-ಅನಾನ್ ಗುಂಪು ಬೇರೆ ಇದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರ ಹತ್ತಿರದಲ್ಲಿ ಇದ್ದರೆ ಅಲ್ಲಿಗೂ ಕಳಿಸಿ. ‘ಅದು ಅವರದ್ದು, ನಮ್ಮದಲ್ಲ’ ಎಂದು ಮೂಗು ಮುರಿಯುವವರ ಮನೆಯಲ್ಲಿ ಕುಡುಕರಿಲ್ಲ ಎಂದು ಅರ್ಥ, ಅಷ್ಟೇ. ತುಂಬಾ ವರ್ಷದಿಂದ ದಿನವೂ ಕುಡಿಯುವವನನ್ನು ಮಾತ್ರ ಒಮ್ಮೆಲೇ ನಿಲ್ಲಿಸಲು ಬಿಡಬೇಡಿ. ಫಿಟ್ಸ್ ಬರಬಹುದು. ಮೊದಲು ಡಾಕ್ಟರ್.

ಹುಡುಗರು

ಇಲ್ಲಿ ಅಮೆರಿಕದ ಬಾಸ್ಟನ್ ಊರಿನ ಕಥೆ ಹೇಳಬೇಕು. 1992ರ ಮೇ ತಿಂಗಳಲ್ಲಿ ಅಲ್ಲಿನ ಮಾರ್ನಿಂಗ್ ಸ್ಟಾರ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಒಬ್ಬ ಯುವಕನ ಅಂತ್ಯಕ್ರಿಯೆ ನಡೆಯುತ್ತಿತ್ತು. ಗ್ಯಾಂಗಿನ ಹುಡುಗರು ಚರ್ಚಿನ ಒಳಗೇ ನುಗ್ಗಿ ಇನ್ನೊಬ್ಬನಿಗೆ ಇರಿದರು. ಅದಾದ ಮೇಲೆ ಯೂಜಿನ್ ರಿವರ್ಸ್, ಜೆಫ್ರಿ ಬ್ರೌನ್, ರೇ ಹ್ಯಾಮಂಡ್ ಮುಂತಾದ ಪಾದ್ರಿಗಳು ಸೇರಿ ಟೆನ್‌ಪಾಯಿಂಟ್ ಒಕ್ಕೂಟ ಕಟ್ಟಿದರು. ಶುಕ್ರವಾರ ರಾತ್ರಿ ಹುಡುಗರು ಇರುವ ಬೀದಿಗೇ ಹೋಗಿ ನಡೆದರು. ಶುರುವಿನಲ್ಲಿ ಹುಡುಗರು ಇವರನ್ನು ದೂರದಿಂದ ನೋಡುತ್ತಿದ್ದರು, ನಾಲ್ಕು ದಿನದ ಶೋಕಿಯೋ ನಿಜವಾಗಿ ಬರುವವರೋ ಎಂದು. ಬರುವುದನ್ನು ಬಿಡದೆ ಮುಂದುವರಿಸಿದಾಗ ಮಾತಿಗೆ ಸಿಕ್ಕರು. ಮೊದಲು ಪೊಲೀಸರನ್ನು ಬೈಯುತ್ತಿದ್ದ ಪಾದ್ರಿಗಳು ಆಮೇಲೆ ಅವರ ಜೊತೆ ಕೂತು ಮಾತಾಡಿದರು. ನಿಜವಾಗಿ ಗುಂಡು ಹಾರಿಸುವ ಕೆಲವರನ್ನು ಕಾನೂನು ನೋಡಿಕೊಳ್ಳಲಿ, ಉಳಿದವರನ್ನು ಸುಮ್ನೆ ಎಳೆದೊಯ್ಯಬೇಡಿ, ಅವರನ್ನು ನಾವು ನೋಡಿಕೊಳ್ಳುತ್ತೇವೆ ಎಂಬ ತಿಳುವಳಿಕೆ ಬೆಳೆಯಿತು. ಬಾಸ್ಟನ್ನಿನಲ್ಲಿ 1990ರಲ್ಲಿ 152 ಕೊಲೆಗಳಾಗಿದ್ದವು, 1999ರಲ್ಲಿ 31. ಇದೆಲ್ಲ ಪಾದ್ರಿಗಳಿಂದಲೇ ಆಯಿತು ಎಂದರೆ ಸುಳ್ಳಾಗುತ್ತದೆ. 1996ರಲ್ಲಿ ಪೊಲೀಸರು ಶುರು ಮಾಡಿದ ಆಪರೇಷನ್ ಸೀಸ್‌ಫೈರ್ ಇತ್ತು, ದೇಶದ ಬೇರೆ ಊರುಗಳಲ್ಲೂ ಕೊಲೆ ಇಳಿಯುತ್ತಿತ್ತು.

ನಮ್ಮಲ್ಲಿ ಬಂದೂಕಿನ ಗ್ಯಾಂಗಿಲ್ಲ. ಗಾಂಜಾ ಇದೆ, ಆನ್‌ಲೈನ್ ಜೂಜು ಇದೆ, ಬೈಕು ಇದೆ. ಬಾಸ್ಟನ್ನಿನಿಂದ ನಾವು ತೆಗೆದುಕೊಳ್ಳಬಹುದಾದದ್ದು ಒಂದೇ: ಅವರು ಇರುವ ಕಡೆ, ಅವರು ಇರುವ ಹೊತ್ತಿಗೆ ಹೋಗುವುದು. ಯುವ ಸಂಘಟನೆಯ ಸಭೆಗೆ ಬರುವ ಹುಡುಗರಿಗೆ ನಮ್ಮ ಅಗತ್ಯ ಅಷ್ಟಿಲ್ಲ. ಬಸ್‌ಸ್ಟ್ಯಾಂಡ್ ಹಿಂದೆ, ಮೋರಿಕಟ್ಟೆಯ ಮೇಲೆ ಕೂರುವವರಿಗೆ ಇದೆ. ನಮ್ಮ ಚರ್ಚಿನ ಮೈದಾನದಲ್ಲಿ ವಾಲಿಬಾಲ್‌ಗೆ ಎರಡು ಲೈಟು ಹಾಕಿಸಲು ಮಂಡಳಿಯಲ್ಲಿ ಎಷ್ಟು ವಾದ ಮಾಡಬೇಕಾಯಿತು ಗೊತ್ತಾ! ಕರೆಂಟ್ ಬಿಲ್ಲು, ಗಲಾಟೆ, ಬೇರೆ ಜಾತಿಯ ಹುಡುಗರೂ ಬರುತ್ತಾರೆ ಎಂಬ ಗೊಣಗು. ಬರಲಿ ಎಂದೇ ಹಾಕಿಸಿದ್ದು. ಆಟ ನೋಡಿಕೊಳ್ಳಲು ಪಾದ್ರಿ ಬೇಕಿಲ್ಲ, ಹುಡುಗರು ಮರ್ಯಾದೆ ಕೊಡುವ ಒಬ್ಬ ಮಾಜಿ ಆಟಗಾರ ಸಾಕು.

ಒಳಗಿರುವವರು, ಹೊರಬಂದವರು

ಪ್ರಿಸನ್ ಮಿನಿಸ್ಟ್ರಿ ಇಂಡಿಯಾ ಎಂಬ ಕೆಥೋಲಿಕ್ ಸಂಘಟನೆ 1981ರಲ್ಲಿ ಕೇರಳದಲ್ಲಿ ಹುಟ್ಟಿತು, ಈಗ ಅದರ ಕೇಂದ್ರ ಬೆಂಗಳೂರಿನಲ್ಲಿದೆ. ಜೈಲು ಭೇಟಿಗೆ ಹೊರಟವರು ಅವರ ಜೊತೆ ಸೇರಿಕೊಂಡರೆ ಅನುಮತಿ, ಕ್ರಮ ಎಲ್ಲ ಗೊತ್ತಾಗುತ್ತದೆ. ನಾನು ಜಾಸ್ತಿ ಹೇಳಬೇಕಾದದ್ದು ಊರಿನ ಕೆಲಸದ ಬಗ್ಗೆ. ಜಾಮೀನು ಮಂಜೂರಾದರೂ ಶ್ಯೂರಿಟಿ ನಿಲ್ಲುವವರಿಲ್ಲದೆ ಒಳಗೇ ಉಳಿಯುವ ಬಡವರಿದ್ದಾರೆ. ಮೊದಲ ಸಲ ಕೇಸಿನಲ್ಲಿ ಸಿಕ್ಕಿದವರು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ವಿಚಾರಣಾ ಕೈದಿಯಾಗಿಯೇ ಕಳೆದಿದ್ದರೆ ಬಿಡುಗಡೆ ಕೇಳಲು ಸಿಆರ್‌ಪಿಸಿ ಬದಲಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂನಲ್ಲಿ ದಾರಿ ಇದೆ. ಗಲ್ಲು, ಜೀವಾವಧಿಯ ಕೇಸುಗಳಿಗೆ, ಬೇರೆ ಕೇಸುಗಳೂ ಬಾಕಿ ಇರುವವರಿಗೆ ಇದು ಇಲ್ಲ. ಮನೆಯವರಿಗೆ ಇದು ಗೊತ್ತೇ ಇರುವುದಿಲ್ಲ. ಅವರನ್ನು ಕಾನೂನು ಸೇವಾ ಸಮಿತಿಗೆ ಕರೆದುಕೊಂಡು ಹೋಗಿ. ನೀವೇ ಶ್ಯೂರಿಟಿ ನಿಲ್ಲುವುದಾದರೆ ಪಹಣಿ ಹೊರತೆಗೆಯುವ ಮೊದಲು ಮನೆಯಲ್ಲಿ ಕೇಳಿ. ಇಲ್ಲದಿದ್ದರೆ ಶಾಂತಿ ಕಟ್ಟುವ ಕೆಲಸ ನಿಮ್ಮ ಅಡುಗೆಮನೆಯಿಂದಲೇ ಶುರುವಾಗುತ್ತದೆ.

ಹೊರಬಂದವನಿಗೆ ಮೊದಲ ವಾರದಲ್ಲೇ ಕೆಲಸ ಬೇಕು. ಸೆಂಟ್ರಿಂಗ್, ಟೈಲ್ಸ್, ಬೇಕರಿ, ಏನಾದರೂ ಸರಿ. ಕೆಲಸ ಕೊಡುವವರಿಗೆ ವಿಷಯ ಮುಚ್ಚಿಡಬೇಡಿ, ಉಳಿದವರಿಗೆ ಹೇಳಬೇಡಿ. ಧ್ಯಾನಕೂಟದಲ್ಲಿ ಮೈಕ್ ಕೊಟ್ಟು ‘ಸಾಕ್ಷ್ಯ’ ಹೇಳಿಸುವ ಚಟ ಕೆಲವರಿಗಿದೆ, ದಯವಿಟ್ಟು ಬೇಡ. ಅವನು ಕಳ್ಳನಾಗಿದ್ದದ್ದು ಗೊತ್ತಿಲ್ಲದವರಿಗೂ ಆಗ ಗೊತ್ತಾಗುತ್ತದೆ. ಮತ್ತೆ, ಅವನಿಂದ ನೊಂದವರ ಮನೆಯೂ ನಿಮ್ಮ ವಾರ್ಡಿನಲ್ಲೇ ಇರಬಹುದು. ಅಲ್ಲಿಗೆ ಮೊದಲು ಹೋಗಿ.

ಪಕ್ಕದ ಊರು ಬಿಸಿಯಾದಾಗ

2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಸುತ್ತಮುತ್ತ ಚರ್ಚುಗಳ ಮೇಲೆ ದಾಳಿ ನಡೆದದ್ದು ನಮ್ಮ ಕಡೆ ಯಾರೂ ಮರೆತಿಲ್ಲ. ಅಂಥ ದಿನ ಬಂದ ಮೇಲೆ ನಂಬರ್ ಹುಡುಕಿದರೆ ಆಗುವುದಿಲ್ಲ. ಮಸೀದಿ ಜಮಾಅತಿನ ಅಧ್ಯಕ್ಷರು, ದೈವಸ್ಥಾನದ ಮೊಕ್ತೇಸರರು, ಭಜನಾ ಮಂದಿರದವರು, ಬೀಟ್ ಪೊಲೀಸ್, ಇವರ ನಂಬರ್ ಈಗಲೇ ಫೋನಿನಲ್ಲಿರಲಿ. ಬರೀ ನಂಬರಲ್ಲ, ಪರಿಚಯವೂ ಇರಲಿ. ಮೊಂತಿ ಹಬ್ಬದ (ಮರಿಯಮ್ಮನ ಹುಟ್ಟುಹಬ್ಬ, ನಮ್ಮ ತೆನೆಹಬ್ಬ) ತೆನೆ, ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿಗಳ ತಟ್ಟೆ ಹಿಡಿದು ಹೋಗಲು ಯಾರ ಅನುಮತಿಯೂ ಬೇಕಿಲ್ಲ. ಕಾರ್ಕಳದ ಅತ್ತೂರು ಚರ್ಚಿನ ಜಾತ್ರೆಗೆ ಎಲ್ಲ ಧರ್ಮದವರೂ ಬಂದು ಮೇಣದ ಬತ್ತಿ ಹಚ್ಚುತ್ತಾರಲ್ಲ, ನಮಗೆ ಆ ಬಂಡವಾಳ ಮೊದಲೇ ಇದೆ.

ಬೆಳಿಗ್ಗೆ ನೋಡುವಾಗ ಚರ್ಚಿನ ಅಂಗಳದ ಗ್ರೊಟ್ಟೊದ (ಮರಿಯಮ್ಮನ ಪ್ರತಿಮೆ ಇಟ್ಟ ಗವಿಯಂಥ ಗುಡಿಯ) ಗಾಜು ಒಡೆದಿದೆ ಎಂದುಕೊಳ್ಳಿ. ಯಾರೂ ಮುಟ್ಟಬಾರದು, ಗುಡಿಸಬಾರದು. 112ಕ್ಕೆ ಫೋನ್ ಮಾಡಿ, ಸಿಸಿಟಿವಿ ಇದ್ದರೆ ಅದರ ರೆಕಾರ್ಡಿಂಗ್ ಉಳಿಸಿ. ಫೋಟೋ ವಾಟ್ಸಾಪಿಗೆ ಹಾಕುವುದು ಬೇಡ. ಹುಡುಗರು ಕೇಳುವುದಿಲ್ಲ, ಆದ್ದರಿಂದ ಅವರಿಗೇ ಕಾವಲಿನ ಕೆಲಸ ಕೊಡಿ. ಚರ್ಚ್ ಗಂಟೆ ಹೊಡೆದು ಜನ ಸೇರಿಸಬೇಡಿ. ಮೊಕ್ತೇಸರರಿಗೂ ಜಮಾಅತಿನವರಿಗೂ ನೀವೇ ಮೊದಲು ಫೋನ್ ಮಾಡಿ, ಅವರು ಬಂದು ನೋಡಲಿ. ಮಾಡಿದ್ದು ಯಾರು ಎಂಬ ಊಹೆ ಬಾಯಿಂದ ಬರಲೇಬಾರದು. ಕುಡಿದವನೊಬ್ಬ ಎಸೆದ ಕಲ್ಲೂ ಆಗಿರಬಹುದು.

ಗುರಿಕಾರಿಕೆ ಬಿಡುವಾಗ

ಒಂದು ಡೈರಿ ಇಡಿ. ಅದರಲ್ಲಿ ತಾರೀಕು, ಮುಂದೆ ಮಾಡಬೇಕಾದ ಕೆಲಸ, ಫೋನ್ ನಂಬರ್ ಇಷ್ಟೇ ಇರಲಿ. ಯಾರ ಗಂಡ ಏನು ಮಾಡಿದ, ಯಾರ ಮಗ ಎಲ್ಲಿ ಸಿಕ್ಕಿಬಿದ್ದ ಎಂಬುದನ್ನು ಬರೆಯಬೇಡಿ. ಅವಧಿ ಮುಗಿದಾಗ ಡೈರಿಯನ್ನು ಹೊಸ ಗುರಿಕಾರರಿಗೆ ಕೊಡಿ. ಅರ್ಧಕ್ಕೆ ನಿಂತ ರಾಜಿಗಳಿದ್ದರೆ ಆ ಎರಡೂ ಮನೆಗೆ ಅವರನ್ನು ಕರೆದುಕೊಂಡು ಹೋಗಿ, ಎರಡೂ ಕಡೆ ಚಾ ಕುಡಿಸಿ. ಸಹಿ ಮಾಡಿದ ಕಾಗದದ ಒಂದೊಂದು ಪ್ರತಿ ಆಯಾ ಮನೆಯಲ್ಲಿ, ಒಂದು ಚರ್ಚಿನ ಕಚೇರಿಯಲ್ಲಿ ಬೀಗ ಹಾಕಿ ಇರಲಿ.