ತೊಡೆಯ ಮೇಲೆ ಅವರದೇ ಕೈ

ಮಂಡಿ ಆಪರೇಷನ್ ಆಗಿ ನಾಲ್ಕನೇ ದಿನ. ಅಜ್ಜಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಮಂಡಿಯ ಕೆಳಗೆ ಟವೆಲ್ ಸುತ್ತಿಟ್ಟು, "ತೊಡೆ ಬಿಗಿ ಮಾಡಿ, ಟವೆಲ್ ಅದುಮಿ" ಎಂದೆ. ಅವರು ಹಲ್ಲು ಕಚ್ಚಿದರು, ಉಸಿರು ಬಿಗಿಹಿಡಿದರು, ಪಾದ ಅಲ್ಲಾಡಿಸಿದರು. ತೊಡೆ ಮಾತ್ರ ಮೆತ್ತಗೆ ಬಿದ್ದಿತ್ತು. "ಮಾಡ್ತಾನೇ ಇದೀನಲ್ಲಮ್ಮ" ಎಂದು ನನ್ನ ಮೇಲೇ ರೇಗಿದರು.

ಅವರು ಹೇಳಿದ್ದು ಸುಳ್ಳಲ್ಲ. ಮಂಡಿ ಊದಿಕೊಂಡಾಗ ತೊಡೆಯ ಮುಂದಿನ ಸ್ನಾಯುವಿಗೆ ಹೋಗುವ ನರದ ಸೂಚನೆಯೇ ಕುಗ್ಗುತ್ತದೆ. "ಇನ್ನೂ ಜೋರಾಗಿ" ಎಂದು ಕೂಗಿ ಏನು ಪ್ರಯೋಜನ?

ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಶುರು ಮಾಡಿದ ಹೊಸದರಲ್ಲಿ ನಾನೇ ರೋಗಿಗಳ ಸ್ನಾಯುವನ್ನು ಬೆರಳಿಂದ ತಟ್ಟುತ್ತಿದ್ದೆ. ತಕ್ಷಣ ಬಿಗಿಯಾಗುತ್ತಿತ್ತು, ನನಗೂ ಖುಷಿ. ಮನೆಗೆ ಹೋದರೆ ಮತ್ತೆ ಅದೇ ಕಥೆ. ನನ್ನ ಬೆರಳು ಅವರ ಜೊತೆ ಹೋಗುವುದಿಲ್ಲ ಅಲ್ವಾ! ಈಗ ಮೊದಲು "ಮುಟ್ಟಬಹುದಾ?" ಎಂದು ಕೇಳಿ ಜಾಗ ತೋರಿಸುತ್ತೇನೆ. ಆಮೇಲೆ ಅವರ ಕೈಯನ್ನೇ ಅಲ್ಲಿ ಇಡಿಸುತ್ತೇನೆ.

ಅಜ್ಜಿಗೆ ಚೆನ್ನಾಗಿರುವ ಕಾಲಿನಿಂದ ಶುರು ಮಾಡಿಸಿದೆ. ಮಂಡಿಚಿಪ್ಪಿನ ಸ್ವಲ್ಪ ಮೇಲೆ, ಒಳಮಗ್ಗುಲಿಗೆ ನಾಲ್ಕು ಬೆರಳು. ಬಿಗಿ ಮಾಡಿದಾಗ ಅಲ್ಲಿ ಸ್ನಾಯು ಉಬ್ಬುತ್ತದೆ, ಚಿಪ್ಪು ತುಸು ಮೇಲಕ್ಕೆ ಜಾರುತ್ತದೆ. "ಓ, ಇದಾ!" ಎಂದರು. ಆಮೇಲೆ ಆಪರೇಷನ್ ಆದ ಕಾಲು. ಹೊಲಿಗೆ, ಬ್ಯಾಂಡೇಜ್ ತಾಗದಂತೆ ಕೈ ಇನ್ನೂ ಮೇಲೆ. ಏಳೆಂಟು ಸಲ ಏನೂ ಇಲ್ಲ. ಆಮೇಲೆ ಬೆರಳ ಕೆಳಗೆ ಏನೋ ಅದುರಿತು. "ಅಂಬಲಿ ಥರ ಇತ್ತು, ಈಗ ಮುದ್ದೆ ಆಗ್ತಾ ಇದೆ." ಇಷ್ಟು ಒಳ್ಳೆ ವಿವರಣೆ ನನ್ನ ಪಠ್ಯಪುಸ್ತಕದಲ್ಲೂ ಇರಲಿಲ್ಲ!

5 ಸೆಕೆಂಡ್ ಹಿಡಿಯುವುದು, ಬಿಡುವುದು, 10 ಸಲ. ಬಾಯಿಬಿಟ್ಟು ಎಣಿಸಲು ಹೇಳಿದೆ, ಉಸಿರು ತಾನಾಗಿ ಸಡಿಲವಾಯಿತು. ಕೆಲವರು ತೊಡೆಯ ಬದಲು ಕುಂಡಿ ಬಿಗಿ ಮಾಡುತ್ತಾರೆ. ಅಂಥವರಿಗೆ ಇನ್ನೊಂದು ಕೈ ಅಲ್ಲಿಡಿ ಎನ್ನುತ್ತೇನೆ. ಅದು ಮೆತ್ತಗೇ ಇರಬೇಕು.

ಕೈ ತೆಗೆಸುವುದೇ ಕಷ್ಟದ ಕೆಲಸ. ಮುಟ್ಟುವುದಕ್ಕೇ ಒಗ್ಗಿಹೋದರೆ ನಡೆಯುವಾಗ ಏನು ಮಾಡುತ್ತಾರೆ? ಎರಡನೇ ವಾರದಿಂದ ಕೈ ಇಲ್ಲದೆ ಬಿಗಿ ಮಾಡಿಸಿ, "ಆಯ್ತಾ?" ಎಂದು ಕೇಳುತ್ತಿದ್ದೆ. ಉತ್ತರ ಹೇಳಿದ ಮೇಲಷ್ಟೇ ಮುಟ್ಟಿ ನೋಡಬೇಕು. ಮೊದಮೊದಲು ಅಜ್ಜಿಯ ಅಂದಾಜು ಅರ್ಧಕ್ಕರ್ಧ ತಪ್ಪುತ್ತಿತ್ತು.

ಕೊನೆಯ ಸಲ ಬಂದಾಗ ಕೈಕಟ್ಟಿ ಕೂತು ತೊಡೆ ಬಿಗಿ ಮಾಡಿದರು. ನಾನು ಅಭ್ಯಾಸಬಲದಿಂದ ಕೈ ಚಾಚಿದೆ.

"ಬೇಡ ಬಿಡಮ್ಮ, ಆಗಿದೆ" ಎಂದರು.